ಜೆಂಕಿನ್ಸ್‌ನಿಂದ ಗಿಟ್‌ಹಬ್ ಆಕ್ಷನ್ಸ್‌ಗೆ: ಒಂದೇ ವಾರಾಂತ್ಯದಲ್ಲಿ ಮುಗಿಯುತ್ತದಾ?

ಪ್ರಶ್ನೆ: ನಮ್ಮ ಕೋಡ್ ಎಲ್ಲಾ ಗಿಟ್‌ಹಬ್‌ನಲ್ಲಿದೆ, ಬಿಲ್ಡ್ (ಕೋಡನ್ನು ಜೋಡಿಸಿ ಪರೀಕ್ಷಿಸುವ ಕೆಲಸ) ಮಾತ್ರ ಹಳೇ ಜೆಂಕಿನ್ಸ್ ಸರ್ವರ್‌ನಲ್ಲಿ ಓಡುತ್ತದೆ. ಹೀಗೆ ತಾನಾಗಿ ಓಡುವ ಸುಮಾರು 40 ಜಾಬ್ ಇವೆ. ಎಲ್ಲವನ್ನೂ ಒಂದೇ ಸಲ ಗಿಟ್‌ಹಬ್‌ನದ್ದೇ ಬಿಲ್ಡ್ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ಗೆ ಸಾಗಿಸುವುದಾ, ಇಲ್ಲ ಎರಡನ್ನೂ ಸ್ವಲ್ಪ ದಿನ ಜೊತೆಗೆ ಓಡಿಸುವುದಾ?

ಜೊತೆಗೇ ಓಡಿಸಿ. ಮೂರು ವಾರ ಅಂತ ಇಟ್ಟುಕೊಳ್ಳಿ. ಆದರೆ ಹಳೇದನ್ನು ನಿಲ್ಲಿಸುವ ದಿನ ಯಾವುದು ಅಂತ ಇವತ್ತೇ ಗೊತ್ತು ಮಾಡಿ, ಇಲ್ಲದಿದ್ದರೆ ವರ್ಷವಾದರೂ ಎರಡೂ ಓಡುತ್ತಲೇ ಇರುತ್ತವೆ, ಒಂದರಲ್ಲಿ ಹಸಿರು (ಪಾಸ್) ಇನ್ನೊಂದರಲ್ಲಿ ಕೆಂಪು (ಫೇಲ್) ಬಂದರೆ ಯಾವುದನ್ನು ನಂಬಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ಹಾಗೇ 40 ಜಾಬ್‌ಗಳೂ ಕೊನೆಯ ಸಲ ಯಾವಾಗ ಓಡಿವೆ ಅಂತ ಒಮ್ಮೆ ನೋಡಿ. ಯಾರಿಗೂ ಬೇಡವಾದದ್ದನ್ನು ಸುಮ್ನೆ ಹೊತ್ತುಕೊಂಡು ಹೋಗಬೇಡಿ.

ಜೆಂಕಿನ್ಸ್‌ಫೈಲನ್ನು (ಜೆಂಕಿನ್ಸ್‌ಗೆ ಬಿಲ್ಡ್‌ನ ಹಂತಗಳನ್ನು ಹೇಳುವ ಫೈಲ್) ಆಕ್ಷನ್ಸ್ ಓದುವ ಯಾಮಲ್ ರೂಪಕ್ಕೆ ತಿರುಗಿಸುವುದು ಅಂಥ ಕಷ್ಟವೇನಲ್ಲ. ಗಿಟ್‌ಹಬ್‌ನವರದ್ದೇ ಇಂಪೋರ್ಟರ್ ಟೂಲ್ ಇದೆ, ಅದು ತನಗೆ ತಿಳಿಯದ ಸ್ಟೆಪ್‌ಗಳನ್ನು ಕಾಮೆಂಟ್ ಮಾಡಿ ನಿಮಗೆ ಬಿಡುತ್ತದೆ. ತೊಂದರೆ ಇರುವುದು ಹಳೇ ಸರ್ವರ್ ಒಳಗೆ. ವರ್ಷಗಟ್ಟಲೆ ಅದೇ ಮಷಿನ್ ಮೇಲೆ ಬಿಲ್ಡ್ ಓಡಿದೆ, ಯಾರೋ ಒಂದು ದಿನ ಲಾಗಿನ್ ಆಗಿ ಏನೋ ಇನ್‌ಸ್ಟಾಲ್ ಮಾಡಿರುತ್ತಾರೆ, ಆಮೇಲೆ ಕೆಲಸ ಬಿಟ್ಟೂ ಹೋಗಿರುತ್ತಾರೆ. ನೀವಾಗಿ ಅಳಿಸದಿದ್ದರೆ ಹಿಂದಿನ ಬಿಲ್ಡ್‌ನ ಫೈಲ್‌ಗಳೂ ವರ್ಕ್‌ಸ್ಪೇಸ್‌ನಲ್ಲಿ (ಬಿಲ್ಡ್ ನಡೆಯುವ ಫೋಲ್ಡರ್) ಹಾಗೇ ಉಳಿದಿರುತ್ತವೆ. ಗಿಟ್‌ಹಬ್ ಕೊಡುವ ರನ್ನರ್‌ನಲ್ಲಿ (ಜಾಬ್ ಓಡಿಸುವ ಮಷಿನ್) ಹಾಗಲ್ಲ, ಪ್ರತಿ ಜಾಬ್‌ಗೂ ಹೊಸ ಮಷಿನ್.

ನಾನಿದ್ದ ಒಂದು ತಂಡದಲ್ಲಿ ಕನ್ನಡ ರಸೀದಿಗಳನ್ನು ಪಿಡಿಎಫ್ ಮಾಡುವ ಜಾಬ್ ಇತ್ತು. ಹೊಸ ಕಡೆ ಮೊದಲ ಸಲವೇ ಹಸಿರು ಟಿಕ್ ಬಂತು, ಎಲ್ಲರಿಗೂ ಖುಷಿ. ಮೂರನೇ ದಿನ ಎರಡೂ ಕಡೆಯ ಪಿಡಿಎಫ್ ಪಕ್ಕಪಕ್ಕ ತೆರೆದರೆ, ಹಳೇದರಲ್ಲಿ 'ಒಟ್ಟು ಮೊತ್ತ' ಅಂತ ಇದ್ದ ಜಾಗದಲ್ಲಿ ಹೊಸದರಲ್ಲಿ ಸಾಲಾಗಿ ಖಾಲಿ ಚೌಕಗಳು. ಹಳೇ ಸರ್ವರ್‌ನಲ್ಲಿ ಯಾರೋ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಟ್ಟಿದ್ದರು. ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಟೆಸ್ಟ್ ನೋಡುತ್ತಿದ್ದದ್ದು ಫೈಲ್ ಬಂತಾ ಅಂತ ಅಷ್ಟೇ. ಜೊತೆಗೆ ಓಡಿಸಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ: ಎರಡೂ ಕಡೆ ಹೊರಬಂದ ಫೈಲ್‌ಗಳನ್ನೇ ತೆರೆದು ಹೋಲಿಸಿ, ಟಿಕ್ ನೋಡಿ ಸುಮ್ಮನಾಗಬೇಡಿ.

ಇದಕ್ಕೆ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಪೈಪ್‌ಲೈನ್ (ಬಿಲ್ಡ್‌ನ ಹಂತಗಳ ಪಟ್ಟಿ) ಒಳಗಿರುವ ಬಿಲ್ಡ್ ಕಮಾಂಡ್‌ಗಳನ್ನೆಲ್ಲ ಒಂದು ಶೆಲ್ ಸ್ಕ್ರಿಪ್ಟ್‌ಗೆ ಹಾಕಿ ಕೋಡ್ ಜೊತೆಗೇ ಇಡಿ, ಜೆಂಕಿನ್ಸ್ ಆ ಸ್ಕ್ರಿಪ್ಟನ್ನೇ ಕರೆಯಲಿ. ನಂತರ ಅದನ್ನು ಖಾಲಿ ಡಾಕರ್ ಕಂಟೇನರ್‌ನಲ್ಲಿ (ಏನೂ ಹಾಕಿರದ ಹೊಸ ಮಷಿನ್‌ನಂಥ ಜಾಗ) ಓಡಿಸಿ ನೋಡಿ. ಏನೇನು ಇಲ್ಲ ಅಂತ ಅದೇ ಒಂದೊಂದಾಗಿ ಹೇಳುತ್ತದೆ. ಇಷ್ಟಾದರೆ ಅರ್ಧ ದಾರಿ ಸಾಗಿದ ಹಾಗೆ.

ರಾತ್ರಿ ಓಡುವ ಜಾಬ್‌ಗಳ ಮೇಲೆ ಕಣ್ಣಿಡಿ. ನಿಮ್ಮ ಜೆಂಕಿನ್ಸ್ ಸರ್ವರ್‌ನ ಗಡಿಯಾರ ನಮ್ಮ ಸಮಯದಲ್ಲಿದ್ದರೆ ಸೋಮವಾರ ಬೆಳಗಿನ ಜಾವ 2ಕ್ಕೆ '0 2 * * 1' ಅಂತ ಬರೆದಿರುತ್ತೀರಿ (ಮೊದಲು ನಿಮಿಷ, ಆಮೇಲೆ ಗಂಟೆ, ಕೊನೆಯದು ವಾರ; 0 ಅಂದರೆ ಭಾನುವಾರ, 1 ಸೋಮವಾರ). ಬೇರೆ ಟೈಮ್‌ಝೋನ್ ಹೇಳದಿದ್ದರೆ ಆಕ್ಷನ್ಸ್ ಅದನ್ನು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತ ಓದಿ, ನಮ್ಮ ಬೆಳಿಗ್ಗೆ 7.30ಕ್ಕೆ ಓಡಿಸುತ್ತದೆ. ಐದೂವರೆ ಗಂಟೆ ಕಳೆದರೆ ದಿನವೇ ಹಿಂದಕ್ಕೆ ಹೋಗುತ್ತದೆ, ಅಲ್ವಾ? ಹಾಗಾಗಿ ಅಲ್ಲಿ ಭಾನುವಾರದ ಲೆಕ್ಕದಲ್ಲಿ '30 20 * * 0' ಅಂತ ಬರೆಯಬೇಕು. ಡಿಪ್ಲಾಯ್ ಮಾಡುವ (ಹೊಸ ಆವೃತ್ತಿಯನ್ನು ಬಳಕೆಗೆ ಬಿಡುವ) ಜಾಬ್‌ಗಳನ್ನು ಮಾತ್ರ ಎರಡೂ ಕಡೆ ಓಡಿಸಬೇಡಿ. ಅವು ಕೊನೆಗೆ, ಒಂದೊಂದಾಗಿ ಬರಲಿ.

ಬೇರೆಯವರು ಬರೆದ ಆಕ್ಷನ್‌ಗಳನ್ನು (ಸಿದ್ಧ ಸ್ಟೆಪ್‌ಗಳು) ಬಳಸುವಾಗ ಟ್ಯಾಗ್ (ಆವೃತ್ತಿಗೆ ಇಟ್ಟ ಹೆಸರು) ನಂಬಬೇಡಿ, ಕಮಿಟ್‌ನ (ಉಳಿಸಿಟ್ಟ ಒಂದು ಬದಲಾವಣೆ) ಪೂರ್ತಿ ಹ್ಯಾಶ್, ಅಂದರೆ ಅದರ ಗುರುತಿನ ಸಂಖ್ಯೆ ಹಾಕಿ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನ 'ಚೇಂಜ್ಡ್ ಫೈಲ್ಸ್' ಆಕ್ಷನ್‌ನ ಟ್ಯಾಗ್‌ಗಳನ್ನೇ ಯಾರೋ ಕೆಟ್ಟ ಕಮಿಟ್‌ಗೆ ತಿರುಗಿಸಿದ್ದರು, ಅದನ್ನು ಬಳಸುತ್ತಿದ್ದವರ ಸೀಕ್ರೆಟ್‌ಗಳು (ಪಾಸ್‌ವರ್ಡ್, ಟೋಕನ್‌ಗಳು) ಬಿಲ್ಡ್ ಲಾಗ್‌ನಲ್ಲಿ ಅಚ್ಚಾಗಿಬಿಟ್ಟವು.

ಹಳೇದನ್ನು ನಿಲ್ಲಿಸುವ ದಿನ ಗಿಟ್‌ಹಬ್‌ನ ಬ್ರಾಂಚ್ ಪ್ರೊಟೆಕ್ಷನ್ ಸೆಟ್ಟಿಂಗ್ (ಮುಖ್ಯ ಕೋಡಿಗೆ ಏನು ಸೇರಬಹುದು ಅಂತ ಕಾಯುವ ನಿಯಮಗಳು) ತೆರೆಯಿರಿ. ಅಲ್ಲಿ ಜೆಂಕಿನ್ಸ್‌ನ ಚೆಕ್ ಕಡ್ಡಾಯ ಅಂತ ಇದ್ದರೆ ಪ್ರತಿ ಪುಲ್ ರಿಕ್ವೆಸ್ಟೂ (ಬದಲಾವಣೆ ಸೇರಿಸಿ ಎಂಬ ಕೋರಿಕೆ) ಬಾರದ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತದೆ, ಮರ್ಜ್ ಬಟನ್ ಒತ್ತಲು ಬರುವುದಿಲ್ಲ. ಆ ಹೆಸರು ತೆಗೆದು ಹೊಸ ಜಾಬ್‌ನ ಹೆಸರು ಹಾಕಿ. ಸರ್ವರನ್ನು ಆಫ್ ಮಾಡಿ, ಡಿಸ್ಕ್ ಒಂದು ತಿಂಗಳು ಇರಲಿ. ಪಾಸ್‌ವರ್ಡ್, ಟೋಕನ್‌ಗಳನ್ನು ಅಲ್ಲಿಂದ ಇಲ್ಲಿಗೆ ನಕಲು ಮಾಡಬೇಡಿ, ಎಲ್ಲವನ್ನೂ ಹೊಸದಾಗಿ ಪಡೆದು ಹಾಕಿ, ಜೆಂಕಿನ್ಸ್‌ನಲ್ಲಿದ್ದವನ್ನು ಅವತ್ತೇ ರದ್ದು ಮಾಡಿ. ಮರುದಿನ ಯಾವುದಾದರೂ ಕೆಲಸ ಮುರಿದು ಬಿದ್ದರೆ, ಹಳೇ ಟೋಕನ್ ಇನ್ನೂ ಎಲ್ಲಿ ಬಳಕೆಯಲ್ಲಿತ್ತು ಅಂತ ಆಗ ಸಿಗುತ್ತದೆ.