ತಾನು ಉರಿಯದೆ ಬೇರೆಯದನ್ನು ಉರಿಸುವ ಪುಡಿ: ಒಂದು ಪರೀಕ್ಷೆ ಎರಡಾದ ಕಥೆ

ಹೆದ್ದಾರಿಯಲ್ಲಿ ಕೆಮಿಕಲ್ ಲಾರಿಗಳ ಹಿಂದೆ ಕೆಲವೊಮ್ಮೆ ಹಳದಿ ಬಣ್ಣದ ಡೈಮಂಡ್ ಚೀಟಿ ಕಾಣುತ್ತದೆ. ಒಂದು ಸೊನ್ನೆ, ಅದರ ಮೇಲೆ ಜ್ವಾಲೆ, ಕೆಳಗೆ 5.1 ಎಂಬ ಅಂಕಿ. ಒಳಗಿರುವುದು ಆಕ್ಸಿಡೈಸರ್ ಎಂದು ಅರ್ಥ. ಇಂಥ ಪುಡಿಗಳು ಬಹುಪಾಲು ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಪಕ್ಕದಲ್ಲಿ ಕಾಗದವೋ ಮರದ ಹೊಟ್ಟೋ ಎಣ್ಣೆ ಬಟ್ಟೆಯೋ ಇದ್ದು, ಅದಕ್ಕೆ ಬೆಂಕಿ ತಗುಲಿದರೆ ಮುಗಿಯಿತು. ಉರಿಗೆ ಬೇಕಾದ ಆಕ್ಸಿಜನ್ನು ಗಾಳಿಯಿಂದಲೇ ಬರಬೇಕಾಗಿಲ್ಲ, ಪುಡಿಯೇ ಧಾರಾಳವಾಗಿ ಕೊಟ್ಟುಬಿಡುತ್ತದೆ.

ಯಾವ ಪುಡಿಗೆ ಈ ಚೀಟಿ ಅಂಟಿಸಬೇಕು, ಯಾವುದಕ್ಕೆ ಬೇಡ? ಕೇಳಲು ಸುಲಭದ ಪ್ರಶ್ನೆ. ಉತ್ತರ ಹೇಳುವ ಪರೀಕ್ಷೆ ಮಾತ್ರ ಈಗ ಒಂದಲ್ಲ, ಎರಡು. ಹಳೆಯ ವರದಿಗಳಲ್ಲಿ ಮೂರನೆಯದೂ ಸಿಗುತ್ತದೆ.

ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಇದ್ದಿಲಿನ ಜೊತೆ ಸೇರಿದರೆ ಏನಾಗುತ್ತದೆ ಎಂಬುದು ಸಿಡಿಮದ್ದು ಅರೆಯುವವರಿಗೆ ಶತಮಾನಗಳಿಂದ ಗೊತ್ತಿತ್ತು. 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಾಸ್ ಸಿಟಿ ಬಂದರಿನಲ್ಲಿ ಹಡಗಿನಲ್ಲಿದ್ದ ಅಮೋನಿಯಂ ನೈಟ್ರೇಟ್ ಸಿಡಿದು 500ಕ್ಕೂ ಹೆಚ್ಚು ಜನ ಸತ್ತರು. 1956ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಅಪಾಯಕಾರಿ ಸರಕು ಸಾಗಣೆಗೆ ಮೊದಲ ಶಿಫಾರಸುಗಳನ್ನು ಪ್ರಕಟಿಸಿತು. 1984ರಲ್ಲಿ ಪರೀಕ್ಷೆಗಳಿಗೇ ಬೇರೆ ಕೈಪಿಡಿ ಬಂತು. ಆ ಹೊತ್ತಿಗೆ ಪುಡಿಯನ್ನು ಮರದ ಹೊಟ್ಟಿನ ಜೊತೆ ಬೆರೆಸಿ ಸುಟ್ಟು ನೋಡುವ ಪದ್ಧತಿ ಚಾಲ್ತಿಯಲ್ಲಿತ್ತು. ಹೊಟ್ಟು ಅಂದ ಮೇಲೆ ಯಾವ ಮರದ್ದು, ಎಷ್ಟು ಒಣಗಿದ್ದು ಎಂಬ ಪ್ರಶ್ನೆ ಬಂದೇ ಬರುತ್ತದೆ ಅಲ್ವಾ? ಹಾಗಾಗಿ ಅದರ ಜಾಗಕ್ಕೆ ಶುದ್ಧ ಸೆಲ್ಯುಲೋಸ್, ಎಂದರೆ ಸಸ್ಯಗಳ ನಾರಿನ ಪದಾರ್ಥ, ಬಂತು.

ಈ ಸೆಲ್ಯುಲೋಸ್ ಪರೀಕ್ಷೆಗೆ ಕೈಪಿಡಿಯಲ್ಲಿರುವ ಹೆಸರೇ ಓ.1. ಹೊರಗಿನಿಂದ ನೋಡಿದರೆ ಶಾಲೆಯ ಲ್ಯಾಬಿನಲ್ಲೂ ಮಾಡಬಹುದು ಅನಿಸುತ್ತದೆ. ಪರೀಕ್ಷಿಸಬೇಕಾದ ಪುಡಿಯನ್ನು ಸೆಲ್ಯುಲೋಸ್ ಜೊತೆ ಒಮ್ಮೆ 4:1, ಇನ್ನೊಮ್ಮೆ 1:1 ತೂಕದಲ್ಲಿ ಬೆರೆಸುತ್ತಾರೆ. ಪ್ರತಿ ಸಲ ಒಟ್ಟು 30 ಗ್ರಾಂ. ಅದನ್ನು ಲಾಳಿಕೆಗೆ ತುಂಬಿ, ಶಾಖ ಹೀರದ ತಟ್ಟೆಯ ಮೇಲೆ ಬೋರಲು ಹಾಕಿದರೆ ಬುಡ 70 ಮಿಲಿಮೀಟರ್ ಅಗಲದ ಪುಟ್ಟ ಗುಡ್ಡೆ ನಿಲ್ಲುತ್ತದೆ. ಗುಡ್ಡೆಯ ಅಡಿಯಲ್ಲಿ ಮೊದಲೇ ಸುತ್ತಿ ಇಟ್ಟ ನಿಕ್ಕಲ್-ಕ್ರೋಮಿಯಂ ತಂತಿ ಇರುತ್ತದೆ. ಕರೆಂಟ್ ಕೊಟ್ಟ ಕೂಡಲೇ ಗಡಿಯಾರ ಶುರು. ಮೂರು ನಿಮಿಷದವರೆಗೂ ಹೊತ್ತಿಕೊಳ್ಳದಿದ್ದರೆ ಬಿಟ್ಟುಬಿಡುತ್ತಾರೆ. ಹೊತ್ತಿಕೊಂಡರೆ, ಮುಖ್ಯ ಉರಿ ಮುಗಿಯುವವರೆಗಿನ ಸಮಯ ಬರೆದುಕೊಳ್ಳುತ್ತಾರೆ. ಹೀಗೆ ಐದು ಸಲ ಮಾಡಿ ಸರಾಸರಿ.

ಆ ಸಮಯವನ್ನು ಯಾವುದಕ್ಕೆ ಹೋಲಿಸುವುದು? ಪೊಟ್ಯಾಸಿಯಂ ಬ್ರೋಮೇಟ್‌ಗೆ. ಇದು ಒಂಥರಾ ಓಟದ ಪಂದ್ಯ. ಬ್ರೋಮೇಟ್ ಮತ್ತು ಸೆಲ್ಯುಲೋಸನ್ನು 3:2, 2:3, 3:7 ಲೆಕ್ಕದಲ್ಲಿ ಬೆರೆಸಿದ ಮೂರು ಗುಡ್ಡೆಗಳು ಮೂವರು ಓಟಗಾರರಿದ್ದಂತೆ. ಪರೀಕ್ಷೆಗಿಟ್ಟ ಪುಡಿಯ ಗುಡ್ಡೆ ಮೊದಲನೆಯದನ್ನೇ ಹಿಂದೆ ಹಾಕಿದರೆ ಪ್ಯಾಕಿಂಗ್ ಗ್ರೂಪ್ (ಸಾಗಣೆಯಲ್ಲಿ ಅಪಾಯದ ಮಟ್ಟ ಹೇಳುವ ದರ್ಜೆ) 1, ಎಂದರೆ ಅತಿ ಅಪಾಯ. ಎರಡನೆಯದರ ಸಮಕ್ಕೆ ಬಂದರೆ 2, ಮೂರನೆಯದರ ಸಮಕ್ಕೆ ಬಂದರೆ 3. ಮೂರನೆಯದಕ್ಕಿಂತಲೂ ನಿಧಾನವಾದರೆ ಈ ಪರೀಕ್ಷೆಯ ಲೆಕ್ಕದಲ್ಲಿ 5.1 ಚೀಟಿ ಬೇಕಾಗಿಲ್ಲ.

ಕಷ್ಟ ಇರುವುದು ಸಣ್ಣಪುಟ್ಟ ವಿವರಗಳಲ್ಲಿ. ಸೆಲ್ಯುಲೋಸನ್ನು 105 ಡಿಗ್ರಿಯಲ್ಲಿ ಒಣಗಿಸಿ, ನೀರಿನಂಶ 0.5 ಶೇಕಡಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಕು. ಕೋಣೆಯ ತೇವಾಂಶ 50 ಶೇಕಡದ ಆಸುಪಾಸಿನಲ್ಲಿರಬೇಕು. ನಮ್ಮ ಕರಾವಳಿಯ ಆಷಾಢದಲ್ಲಿ ಎಸಿ ಇಲ್ಲದೆ ಇದು ಸಾಧ್ಯವೇ ಇಲ್ಲ. ಹೊಗೆ ಹೋಗಲು ಗಾಳಿ ಬೇಕು, ಆದರೆ ಅದು ಉರಿಗೆ ಬೀಸಣಿಗೆ ಆಗಬಾರದು. ಮಿಶ್ರಣವನ್ನು ಚೆನ್ನಾಗಿ ಕಲಸಬೇಕು, ಆದರೆ ಅರೆಯಬಾರದು. ಅರೆದರೆ ಕೈಯಲ್ಲೇ ಹೊತ್ತಿಕೊಂಡೀತು.

ಇವೆಲ್ಲ ಸರಿಹೋದರೂ ಕೊನೆಗೆ ಉಳಿಯುವುದು ನೋಡುವವರ ಕಣ್ಣು. ಜ್ವಾಲೆ ಇಳಿದ ಮೇಲೆ ಗುಡ್ಡೆ ಕೆಂಡದ ಹಾಗೆ ಮಿನುಗುತ್ತಿರುತ್ತದೆ. ಒಂದು ಮೂಲೆಯಲ್ಲಿ ಚಟಪಟ ಕಿಡಿ ಹಾರುತ್ತದೆ. ಮಿನುಗುವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಆಮೇಲಿನ ಬಿಡಿ ಕಿಡಿಗಳನ್ನು ಬಿಡಬೇಕು ಎನ್ನುತ್ತದೆ ಕೈಪಿಡಿ. ಹಾಳೆಯ ಮೇಲೆ ಇದು ಸ್ಪಷ್ಟ. ಹೊಗೆ ತುಂಬಿದ ಗಾಜಿನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಂತವರಿಗೆ ಅಷ್ಟು ಸ್ಪಷ್ಟವಲ್ಲ. ಗಡಿಯಲ್ಲಿರುವ ಪುಡಿಯೊಂದು ಈ ಲ್ಯಾಬಿನಲ್ಲಿ ಗ್ರೂಪ್ 3, ಆ ಲ್ಯಾಬಿನಲ್ಲಿ ಆಕ್ಸಿಡೈಸರೇ ಅಲ್ಲ ಎಂದಾದರೆ ಆಶ್ಚರ್ಯಪಡಬೇಕಾಗಿಲ್ಲ.

ಜೊತೆಗೆ ಬ್ರೋಮೇಟ್‌ನದ್ದೇ ಒಂದು ತಲೆನೋವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿಟ್ಟಿದೆ. ನಮಗೂ ಇದು ಹೊಸ ಹೆಸರಲ್ಲ. ಬ್ರೆಡ್ ಉಬ್ಬಲೆಂದು ಬೇಕರಿ ಹಿಟ್ಟಿಗೆ ಸೇರಿಸುತ್ತಿದ್ದದ್ದು ಇದೇ ಬ್ರೋಮೇಟ್. 2016ರಲ್ಲಿ ದೊಡ್ಡ ಸುದ್ದಿಯಾಗಿ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದನ್ನು ಆಹಾರದಿಂದ ತೆಗೆದುಹಾಕಿತು. ಬನ್ನಿನಲ್ಲಿ ಬೇಡವಾದದ್ದನ್ನು ಲ್ಯಾಬಿನವರು ಜರಡಿ ಹಿಡಿದು, ಸುಟ್ಟು, ಹೊಗೆ ಪಕ್ಕ ನಿಲ್ಲಬೇಕಿತ್ತು.

2010ರ ನಂತರದ ವರ್ಷಗಳಲ್ಲಿ ಓ.3 ಎಂಬ ಎರಡನೆಯ ಪರೀಕ್ಷೆ ಕೈಪಿಡಿಗೆ ಸೇರಿತು. ಗುಡ್ಡೆ ಅದೇ, 30 ಗ್ರಾಂ ಅದೇ. ಬದಲಾದದ್ದು ಎರಡು. ಬ್ರೋಮೇಟ್ ಜಾಗಕ್ಕೆ ಕ್ಯಾಲ್ಸಿಯಂ ಪೆರಾಕ್ಸೈಡ್ ಬಂತು. ಕಣ್ಣಿನ ಜಾಗಕ್ಕೆ ತಕ್ಕಡಿ ಬಂತು. ಉರಿಯುವ ಗುಡ್ಡೆಯ ತೂಕ ಇಳಿಯುತ್ತಾ ಹೋಗುವುದನ್ನು ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಒಟ್ಟು ಇಳಿಕೆಯಲ್ಲಿ 20ರಿಂದ 80 ಶೇಕಡದ ನಡುವಿನ ಭಾಗವನ್ನು ಮಾತ್ರ ತೆಗೆದುಕೊಂಡು ಸೆಕೆಂಡಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಹೊತ್ತಿಕೊಳ್ಳುವಾಗಿನ ತಡವರಿಕೆ, ಕೊನೆಯ ಕಿಡಿ, ಎರಡೂ ತಾವಾಗಿಯೇ ಲೆಕ್ಕದಿಂದ ಹೊರಗೆ. ಎಷ್ಟೋ ಮೊದಲೇ ಆಗಬೇಕಿದ್ದ ಕೆಲಸ.

ಆದರೆ ಓ.1 ಹೋಗಲಿಲ್ಲ. ರಾಸಾಯನಿಕಗಳ ಅಪಾಯ ವರ್ಗೀಕರಿಸುವ ವಿಶ್ವಸಂಸ್ಥೆಯ ಜಿಎಚ್‌ಎಸ್ ಪುಸ್ತಕದ ಕೋಷ್ಟಕದಲ್ಲಿ ಎರಡರ ಮಾನದಂಡಗಳೂ ಇಂದಿಗೂ ಅಕ್ಕಪಕ್ಕ ನಿಂತಿವೆ. ಯಾವುದನ್ನಾದರೂ ಆರಿಸಿಕೊಳ್ಳಬಹುದು. ದಶಕಗಳ ಹಳೆಯ ವರದಿಗಳನ್ನು ಸುಮ್ನೆ ಕಸಕ್ಕೆ ಹಾಕಲು ಆಗುವುದಿಲ್ಲ ಎಂಬುದು ನಿಜ. ಹೊಸ ಪುಡಿಗೂ ಹಳೆಯ ದಾರಿ ತೆರೆದಿಡಬೇಕಿತ್ತೇ ಎಂಬುದು ಬೇರೆ ಮಾತು.

ಯುರೋಪಿನದ್ದು ಇನ್ನೊಂದು ಎಳೆ. 1984ರಿಂದ ಅಲ್ಲಿ ಎ.17 ಎಂಬ ಪರೀಕ್ಷೆ ಇತ್ತು. ಅದರಲ್ಲಿ ಗುಡ್ಡೆಯಲ್ಲ, ಉದ್ದಕ್ಕೆ ಸುರಿದ ಪುಡಿಯ ಸಾಲು. ಹೋಲಿಕೆಗೆ ಬೇರಿಯಂ ನೈಟ್ರೇಟ್, ಪಟಾಕಿಗೆ ಹಸಿರು ಬಣ್ಣ ಕೊಡುವ ಅದೇ ಲವಣ. ಉತ್ತರವೂ ಬರೀ ಹೌದು ಅಥವಾ ಅಲ್ಲ, ಗ್ರೂಪ್ ಗೀಪ್ ಇಲ್ಲ. ರಾಸಾಯನಿಕಗಳ ವರ್ಗೀಕರಣ, ಚೀಟಿಗಳ ಬಗ್ಗೆ ಯುರೋಪ್ ತಂದ 2008ರ ಸಿಎಲ್‌ಪಿ ನಿಯಮದ ಬಳಿಕ ಅಲ್ಲಿಯವರೂ ವಿಶ್ವಸಂಸ್ಥೆಯ ಪರೀಕ್ಷೆಗಳತ್ತ ಬಂದರು. ಆದರೂ ಎ.17ರ ಫಲಿತಾಂಶಗಳು ಹಳೆಯ ಕಡತಗಳಲ್ಲಿ ಉಳಿದಿವೆ. ಹಾಗಾಗಿ ರಾಸಾಯನಿಕದ ಸುರಕ್ಷತಾ ಮಾಹಿತಿಯಿರುವ ಡೇಟಾ ಶೀಟಿನಲ್ಲಿ 'ಆಕ್ಸಿಡೈಸಿಂಗ್ ಅಲ್ಲ' ಎಂದಿದ್ದರೆ ಯಾವ ಪರೀಕ್ಷೆಯ ಪ್ರಕಾರ, ಪುಡಿ ಮಾಡಿಯೋ ಹರಳಾಗಿಯೋ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಇನ್ನು ಎಲ್ಲರಿಗೂ ಗೊತ್ತಿರುವ ಅಮೋನಿಯಂ ನೈಟ್ರೇಟ್ ಗೊಬ್ಬರದ ಸಂಗತಿ. 2020ರ ಆಗಸ್ಟ್ 4ರಂದು ಬೈರೂತ್ ಬಂದರನ್ನು ಉಡಾಯಿಸಿದ್ದು ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್. 30 ಗ್ರಾಂ ಗುಡ್ಡೆ ಎಷ್ಟು ಬೇಗ ಉರಿಯಿತು ಎಂಬುದು ಅಷ್ಟು ದೊಡ್ಡ ರಾಶಿ ಬೆಂಕಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳುವುದಿಲ್ಲ. ಇದು ಕೈಪಿಡಿ ಬರೆದವರಿಗೂ ಗೊತ್ತು. ಅದಕ್ಕೇ ಆ ಗೊಬ್ಬರಗಳಿಗೆ ಅವರು ಬೇರೆಯದೇ ಅಧ್ಯಾಯ ಇಟ್ಟಿದ್ದಾರೆ. ಅವುಗಳ ವರ್ಗೀಕರಣ ಮುಖ್ಯವಾಗಿ ಹೊರಡುವುದು ನೈಟ್ರೇಟ್ ಎಷ್ಟು, ಉರಿಯುವ ಪದಾರ್ಥ ಎಷ್ಟು ಬೆರೆತಿದೆ ಎಂಬ ಸಂಯೋಜನೆಯ ಲೆಕ್ಕದಿಂದ.