ಭವಿಷ್ಯ ಹೇಳುವುದು ವಿಜ್ಞಾನ ಕಥೆಯ ಕೆಲಸವಲ್ಲ

ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಜಲಾಂತರ್ಗಾಮಿಯನ್ನು ಮೊದಲೇ ಕಲ್ಪಿಸಿದ್ದ ಎಂಬ ಮಾತನ್ನು ಕೇಳದವರಿಲ್ಲ. ಕ್ಯಾಪ್ಟನ್ ನೆಮೊ 'ನಾಟಿಲಸ್' ಎಂಬ ಜಲಾಂತರ್ಗಾಮಿಯಲ್ಲಿ ಕಡಲಾಳ ಸುತ್ತುವ ಆ ಕಾದಂಬರಿ, 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ', ಪೂರ್ಣವಾಗಿ ಹೊರಬಂದದ್ದು 1870ರಲ್ಲಿ. ಅದಕ್ಕೂ ಮುಂಚೆ, 1864ರಲ್ಲೇ, ಅಮೆರಿಕದ ಅಂತರ್ಯುದ್ಧದಲ್ಲಿ ಹನ್ಲಿ ಎಂಬ ಜಲಾಂತರ್ಗಾಮಿ ಶತ್ರುವಿನ ಹಡಗನ್ನು ಮುಳುಗಿಸಿತ್ತು. 'ನಾಟಿಲಸ್' ಎಂಬ ಹೆಸರು ಕೂಡ ಹೊಸದಲ್ಲ. 1800ರಲ್ಲಿ ರಾಬರ್ಟ್ ಫುಲ್ಟನ್ ಫ್ರಾನ್ಸಿನಲ್ಲಿ ನಿರ್ಮಿಸಿದ ಜಲಾಂತರ್ಗಾಮಿಗೂ ಅದೇ ಹೆಸರಿತ್ತು. ವರ್ನ್ ತನ್ನ ಕಾಲದ ಸುದ್ದಿಗಳನ್ನು ಗಮನವಿಟ್ಟು ಓದುತ್ತಿದ್ದ ಲೇಖಕ. ಅವನನ್ನು ಜ್ಯೋತಿಷಿಯಾಗಿಸಿ ನಾವು ಅವನ ಕಥನಶಕ್ತಿಯನ್ನೇ ಮರೆತಿದ್ದೇವೆ.

ಪತ್ರಿಕೆಗೆ ಬರುವ ಕಥೆಗಳನ್ನು ಆಯ್ದು ತಿದ್ದುವುದು ನನ್ನ ವೃತ್ತಿ. ಈ ತಪ್ಪು ತಿಳಿವಳಿಕೆಯ ಫಲ ದಿನವೂ ನನ್ನ ಮೇಜಿಗೆ ಬರುತ್ತದೆ: ನೂರು ವರ್ಷ ಮುಂದಿನ ಇಸವಿ, ಒಬ್ಬ ವಿಜ್ಞಾನಿ, ಅವನು ಶಿಷ್ಯನಿಗೆ ಪುಟಗಟ್ಟಲೆ ವಿವರಿಸುವ ಯಂತ್ರ. ಯಂತ್ರ ಬಂದದ್ದರಿಂದ ಯಾರ ಬದುಕು ಏನಾಯಿತು ಎಂಬುದಕ್ಕೆ ಜಾಗವೇ ಉಳಿದಿರುವುದಿಲ್ಲ.

ಇಂಥವರಿಗೆ ನಾನು ಕರೆಲ್ ಚಾಪೆಕ್‌ನ 'ಆರ್.ಯು.ಆರ್.' ಓದಲು ಹೇಳುತ್ತೇನೆ. ರೋಬೋಟ್ ಎಂಬ ಪದವನ್ನು ಲೋಕಕ್ಕೆ ಕೊಟ್ಟ 1920ರ ಈ ಚೆಕ್ ನಾಟಕದಲ್ಲಿ ತಗಡಿನ ಮನುಷ್ಯ ಒಬ್ಬನೂ ಇಲ್ಲ. ಅಲ್ಲಿನ ಕಾರ್ಖಾನೆಯಲ್ಲಿ ಜೀವದ್ರವ್ಯವನ್ನು ನಾದುವ ತೊಟ್ಟಿಗಳಿವೆ, ನರಗಳನ್ನು ನೂಲುವ ಗಿರಣಿಯಿದೆ. ರೋಬೋಟುಗಳ ಪರ ದನಿಯೆತ್ತಲು ಬಂದ ಹೆಲೆನಾ, ಕಚೇರಿಯಲ್ಲಿರುವ ಸುಲ್ಲಾ ರೋಬೋಟ್ ಎಂದರೆ ಸುತರಾಂ ನಂಬುವುದಿಲ್ಲ. ಬೇಕಿದ್ದರೆ ಇವಳನ್ನು ಈಗಲೇ ಸೀಳಿಸಿ ತೋರಿಸುತ್ತೇನೆ ಎನ್ನುತ್ತಾನೆ ಕಾರ್ಖಾನೆಯ ಮುಖ್ಯಸ್ಥ. ಹೆಲೆನಾ ಹೌಹಾರುತ್ತಾಳೆ. ಸ್ವಲ್ಪ ಹೊತ್ತಿಗೆ ಒಳಬಂದ ಅಧಿಕಾರಿಗಳನ್ನು ರೋಬೋಟುಗಳೆಂದೇ ತಿಳಿದು ನಿಮ್ಮ ಹಕ್ಕು ಕೇಳಿ ಎಂದು ಹುರಿದುಂಬಿಸುತ್ತಾಳೆ! ಮಹಾಯುದ್ಧ ಮುಗಿದು ಎರಡೇ ವರ್ಷವಾಗಿದ್ದಾಗ, ದುಡಿಯುವ ದೇಹಕ್ಕೆ ಮನುಷ್ಯತ್ವ ಇದೆಯೇ ಎಂದು ಕೇಳಿದ ನಾಟಕವಿದು. ಇಂದಿನ ರೋಬೋಟುಗಳ ಜೊತೆ ಹೋಲಿಸಿ ಅಂಕ ಕೊಟ್ಟರೆ ಆ ಪ್ರಶ್ನೆ ಕೈತಪ್ಪುತ್ತದೆ.

ವಿಜ್ಞಾನ ತಪ್ಪಿದರೆ ಕಥೆಯೂ ಬಿತ್ತು ಎನ್ನುವವರಿದ್ದಾರೆ. ಭೌತವಿಜ್ಞಾನಿ ಜಗದೀಶ್ ಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಬರೆದ ಕಥೆಯಲ್ಲಿ ಒಂದು ಶೀಶೆ ತಲೆಗೂದಲೆಣ್ಣೆ ಚಂಡಮಾರುತವನ್ನೇ ತಣಿಸುತ್ತದೆ. ಭೌತವಿಜ್ಞಾನ ಅವರಿಗೆ ತಿಳಿದಿರಲಿಲ್ಲವೇ?

ವಿಜ್ಞಾನ ಕಥೆ ಪಶ್ಚಿಮದ ಗಂಡಸರ ಸರಕು ಎಂಬ ನಂಬಿಕೆಯಂತೂ ನನಗೆ ಸಹಿಸಲಾಗದ್ದು. 'ಫ್ರಾಂಕೆನ್‌ಸ್ಟೈನ್' 1818ರಲ್ಲಿ ಪ್ರಕಟವಾದಾಗ ಅದನ್ನು ಬರೆದ ಮೇರಿ ಶೆಲ್ಲಿಗೆ 20 ವರ್ಷ. ಬಂಗಾಳದ ರುಕಯ್ಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆ ಕಥೆಯ ನಾಡಿನಲ್ಲಿ ಗಂಡಸರು ಮನೆಯೊಳಗಿದ್ದಾರೆ, ಹೆಂಗಸರು ರಾಜ್ಯ ನಡೆಸುತ್ತಾರೆ, ಬಿಸಿಲಿನಿಂದ ಅಡುಗೆ ಮಾಡುತ್ತಾರೆ. ಸೌರ ಒಲೆಯನ್ನು ಮೊದಲೇ ಊಹಿಸಿದ್ದರಲ್ಲ ಎಂದು ಈಗ ಹೊಗಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆಯದು: ಹಗಲು ಹೊತ್ತಿನಲ್ಲಿ ಪರದೆಯಿಲ್ಲದೆ ಬೀದಿಗಿಳಿದು ಹಿಂಜರಿಯುವ ಸುಲ್ತಾನಾಳಿಗೆ, ಇಲ್ಲಿ ಗಂಡಸರು ಎದುರಾಗುವುದಿಲ್ಲ, ಹೆದರಬೇಡ ಎಂದು ಜೊತೆಯವಳು ಹೇಳುವ ಸಂದರ್ಭ. ಈ ಕಥೆಯನ್ನು ತರಗತಿಗೆ ಒಯ್ಯುವ ಅಧ್ಯಾಪಕರು ದಯವಿಟ್ಟು ಒಲೆಯನ್ನು ಬದಿಗಿಟ್ಟು ಆ ಬೀದಿಯಿಂದ ಪಾಠ ಶುರುಮಾಡಲಿ.