ಓದುಗರ ಪ್ರಶ್ನೆ: ಯೂನಿಯನ್‌ನವರಿಗೆ ರಾಜಕೀಯ ಯಾಕೆ?

ಪ್ರಶ್ನೆ: ನಾನು ಮೈಸೂರಿನ ಕೂರ್ಗಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತೀನಿ. ಊರು ಮಂಡ್ಯ ಜಿಲ್ಲೆ. ನಮ್ಮ ಯೂನಿಯನ್‌ನಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಸಂಬಳ, ಬೋನಸ್ ಅಂದ್ರೆ ಎಲ್ಲರೂ ಒಂದು. ಚುನಾವಣೆ ಬಂದ್ರೆ ಒಬ್ಬರ ಮುಖ ಒಬ್ಬರು ನೋಡಲ್ಲ. ಈ ಸಲ ಜನರಲ್ ಬಾಡಿಯಲ್ಲಿ ಯೂನಿಯನ್ ರಾಜಕೀಯಕ್ಕೂ ಇಳಿಯಬೇಕು ಅಂತ ಮಾತು ಬಂತು. ಮ್ಯಾನೇಜ್‌ಮೆಂಟ್ ಜೊತೆ ಮಾತಾಡಿಕೊಂಡು ಇದ್ದರೆ ಸಾಲದಾ? ನಮಗ್ಯಾಕೆ ರಾಜಕೀಯ?

ಉತ್ತರ: ನಿಮ್ಮ ಪೇ ಸ್ಲಿಪ್ ಒಮ್ಮೆ ಕೈಗೆ ತಗೊಂಡು ಸಾಲು ಸಾಲಾಗಿ ಓದಿ. ಕನಿಷ್ಠ ವೇತನ ಎಷ್ಟು, ಅದರ ಮೇಲೆ ತುಟ್ಟಿಭತ್ಯೆ ಎಷ್ಟು ಅಂತ ಹೇಳುವುದು ಸರ್ಕಾರದ ಅಧಿಸೂಚನೆ. ಪಿಎಫ್‌ಗೆ ಶೇ 12 ಮುರಿಯುವುದು ಕೇಂದ್ರದ ಕಾನೂನು. ವೃತ್ತಿ ತೆರಿಗೆ ಅಂತ 200 ರೂಪಾಯಿ ಹೋಗುತ್ತಿತ್ತಲ್ಲ, 2023ರಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಅದು ತಪ್ಪಿತು. ತಪ್ಪಿಸಿದ್ದು ನಿಮ್ಮ ಎಚ್.ಆರ್. ಅಲ್ಲ, ವಿಧಾನಸೌಧ. ನೀವು ಹೇಳಿದ ಬೋನಸ್ಸೇ ನೋಡಿ. ಕಡಿಮೆ ಅಂದ್ರೆ ಶೇ 8.33 ಕೊಡಲೇಬೇಕು ಅನ್ನುವ ನಿಯಮ ಬಂದಿದ್ದು ಕಾನೂನಿನಿಂದ. ಅದಕ್ಕಿಂತ ಮೇಲಿನದ್ದನ್ನು ಮಾತ್ರ ನಿಮ್ಮ ಯೂನಿಯನ್ ಮಾತಾಡಿ ತಂದಿರುತ್ತದೆ.

ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯ ಸಾಲಿನಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಪಾಲು ಶೇ 0.75, ಕಂಪನಿಯದು ಶೇ 3.25. ಸಂಬಳ ತಿಂಗಳಿಗೆ 21,000 ದಾಟಿದರೆ ಇಎಸ್‌ಐ ಇಲ್ಲ. ಈ ಮಿತಿ 15,000ದಿಂದ 21,000ಕ್ಕೆ ಏರಿದ್ದು 2017ರ ಜನವರಿಯಲ್ಲಿ. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಬೆಲೆ ಮಾತ್ರ ನಿಲ್ಲಲಿಲ್ಲ. ಈಗ ಯೋಚಿಸಿ. ನಿಮ್ಮ ಯೂನಿಯನ್ ತಿಂಗಳುಗಟ್ಟಲೆ ಮಾತಾಡಿ 1,500 ರೂಪಾಯಿ ಜಾಸ್ತಿ ಮಾಡಿಸಿತು, 20,000 ಇದ್ದ ಸಂಬಳ 21,500 ಆಯಿತು ಅಂತಿಟ್ಟುಕೊಳ್ಳಿ. ವಂತಿಗೆಯ ಅವಧಿ ಮುಗಿದ ಮೇಲೆ ಆ ಕಾರ್ಮಿಕ ಇಎಸ್‌ಐನಿಂದ ಹೊರಗೆ. ಮುಂದೆ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಅಂದರೆ ಮೈಸೂರಿನ ಇಎಸ್‌ಐ ಆಸ್ಪತ್ರೆಯ ಬಾಗಿಲು ಅವರಿಗಿಲ್ಲ. ಗೆದ್ದ 1,500 ರೂಪಾಯಿ ಒಂದು ಸ್ಕ್ಯಾನಿಂಗ್‌ಗೂ ಸಾಲುವುದಿಲ್ಲ. ಇದನ್ನು ಯಾವ ಮ್ಯಾನೇಜರ್ ಹತ್ತಿರ ಸರಿಮಾಡಿಸುತ್ತೀರಿ? ಅವರು ಮನಸ್ಸು ಮಾಡಿದರೂ ಆಗುವುದಿಲ್ಲ. ಆ ಮಿತಿ ಇರುವುದು ದೆಹಲಿಯಲ್ಲಿ.

ಸಂಬಳದ ಮಾತು ಹಾಗಿರಲಿ, ಕೆಲಸ ಉಳಿಯುವುದೂ ಹಾಗೇ. ಹಿಂದೆ 100 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಫ್ಯಾಕ್ಟರಿಯಲ್ಲಿ ಲೇಆಫ್ (ಕೆಲಸ ಇಲ್ಲ ಅಂತ ಸ್ವಲ್ಪ ಕಾಲ ಮನೆಗೆ ಕಳಿಸುವುದು) ಮಾಡಲು, ಜನರನ್ನು ತೆಗೆಯಲು, ಫ್ಯಾಕ್ಟರಿ ಮುಚ್ಚಲು ಸರ್ಕಾರದ ಒಪ್ಪಿಗೆ ಬೇಕಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ನುವ ಕೇಂದ್ರದ ಕಾನೂನು ಆ ಸಂಖ್ಯೆಯನ್ನು 300ಕ್ಕೆ ಏರಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. 250 ಜನರಿರುವ ಫ್ಯಾಕ್ಟರಿಗೆ ಇದ್ದ ಆ ಕಾವಲು ಹೋಯಿತು. ಇನ್ನೂ ಒಂದು ಮಾತಿದೆ. ಸರ್ಕಾರ ಬಯಸಿದರೆ ಬರೀ ಅಧಿಸೂಚನೆ ಹೊರಡಿಸಿ 300ನ್ನು ಇನ್ನೂ ಮೇಲಕ್ಕೆ ಒಯ್ಯಬಹುದು. ನಿಮ್ಮ ಫ್ಯಾಕ್ಟರಿಯ ಮಟ್ಟಿಗೆ ಆ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲಿದೆ. ಹಾಗಾಗಿ ನಿಮ್ಮ ಎಂಎಲ್‌ಎಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವ ಹಾಗಿಲ್ಲ.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1933ರಲ್ಲಿ ಶುರುವಾದ ಮೈಷುಗರ್ ಸರ್ಕಾರಿ ಸಕ್ಕರೆ ಕಾರ್ಖಾನೆ. ಅದು ನಿಂತಾಗ ಕಾರ್ಮಿಕರಿಗೆ ಕೆಲಸ ಇಲ್ಲ, ಸುತ್ತಲಿನ ಕಬ್ಬು ಬೇರೆ ಕಾರ್ಖಾನೆಗಳ ದಾರಿ ಹಿಡಿಯಿತು. ಖಾಸಗಿಯವರಿಗೆ ಗುತ್ತಿಗೆ ಕೊಡುವ ಹೆಜ್ಜೆಯನ್ನೂ ಸರ್ಕಾರ ಇಟ್ಟಿತ್ತು. ಮಂಡ್ಯದಲ್ಲಿ ಧರಣಿ ಕೂತರು. ಸರ್ಕಾರ ಹಿಂದೆ ಸರಿಯಿತು, 2022ರಲ್ಲಿ ಮತ್ತೆ ಕಬ್ಬು ನುರಿಸಲು ಶುರುವಾಯಿತು. ಕಾರ್ಖಾನೆಯ ಒಳಗೆ ಯಾರ ಜೊತೆ ಎಷ್ಟು ಮಾತಾಡಿದ್ದರೂ ಆ ತೀರ್ಮಾನ ಬದಲಾಗುತ್ತಿರಲಿಲ್ಲ.

2016ರ ಪಿಎಫ್ ಗಲಾಟೆ ನಿಮಗೆ ನೆನಪಿರಬಹುದು. ಕಂಪನಿ ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ಆ ಫೆಬ್ರವರಿಯಲ್ಲಿ ನಿಯಮ ಬಂತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ಮಗಳ ಮದುವೆ, ಮಗನ ಫೀಸು, ಊರಿನ ಸಾಲ. ಏಪ್ರಿಲ್‌ನಲ್ಲಿ ಸಾವಿರಾರು ಜನ ಬೆಂಗಳೂರಿನ ರಸ್ತೆಗಿಳಿದರು. ಲಾಠಿ ಏಟು ತಿಂದರು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮ ಕೈಬಿಟ್ಟಿತು. ಅವರಲ್ಲಿ ಹೆಚ್ಚಿನವರಿಗೆ ಯೂನಿಯನ್ನೇ ಇರಲಿಲ್ಲ. ಆ ಹೆಣ್ಣುಮಕ್ಕಳು ಮಾಡಿದ್ದು ರಾಜಕೀಯವೇ. ಇಷ್ಟೊಂದು ಉಪಕಾರ ಎಲ್ಲ ಕಾರ್ಮಿಕರಿಗೆ ಮಾಡಿಕೊಟ್ಟವರನ್ನು ನಾವು ಜಾಸ್ತಿ ನೆನೆಯುವುದಿಲ್ಲ, ಅದು ನನಗೆ ಬೇಸರದ ವಿಷಯ.

ಸುಮ್ನಿದ್ದರೆ ಏನಾಗುತ್ತದೆ ಅಂತಲೂ ಕೇಳಿ. ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಮೇನಲ್ಲಿ, ಕರ್ನಾಟಕ ಸರ್ಕಾರ ದಿನಕ್ಕೆ 10 ಗಂಟೆ ದುಡಿಸಬಹುದು ಅಂತ ಆದೇಶ ಮಾಡಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ವಾಪಸ್ ತಗೊಂಡಿತು. ಅಲ್ಲಿಗೆ ಮುಗಿಯಲಿಲ್ಲ. 2023ರ ಫೆಬ್ರವರಿಯಲ್ಲಿ ಫ್ಯಾಕ್ಟರಿ ಕಾಯ್ದೆಯ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ವಾರಕ್ಕೆ 48 ಗಂಟೆ ಒಳಗೇ ಇರಬೇಕು, ಆದರೆ ದಿನಕ್ಕೆ 12 ಗಂಟೆವರೆಗೂ ಹೋಗಬಹುದು ಅಂತ ಆಯಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 145 ಆಯಿತು. ಮಳವಳ್ಳಿ ಕಡೆಯಿಂದ ಬೆಳಗಿನ ಜಾವ ಬಸ್ ಹತ್ತುವವರಿಗೆ 12 ಗಂಟೆ ಕೆಲಸ ಅಂದರೆ ಮಕ್ಕಳ ಮುಖ ಕಾಣುವುದು ಅವು ಮಲಗಿದ ಮೇಲೆಯೇ.

ಇನ್ನು ಯೂನಿಯನ್ ಒಡೆಯುತ್ತದೆ ಅನ್ನುವ ನಿಮ್ಮ ಭಯ. ಅದು ನಿಜವಾದ ಭಯ, ಹಗುರ ಮಾಡಬಾರದು. ಎಲ್ಲ ಪಕ್ಷದವರೂ ಇರುವ ಯೂನಿಯನ್ ಒಂದು ಪಕ್ಷದ ಬಾವುಟ ಹಿಡಿಯುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಬೇಡಿಕೆ ಹಿಡಿಯಿರಿ. ಇಎಸ್‌ಐ ಮಿತಿ, 300ರ ಸಂಖ್ಯೆ, ಕಾಂಟ್ರಾಕ್ಟ್ ಕಾರ್ಮಿಕರ ಕಾಯಂ, ಹೀಗೆ ನಾಲ್ಕೈದು ವಿಷಯ ಒಂದು ಹಾಳೆಯಲ್ಲಿ ಬರೆದು ಎಲ್ಲ ಅಭ್ಯರ್ಥಿಗಳಿಗೂ ಕೊಡಿ. ಗೇಟ್ ಮೀಟಿಂಗ್‌ಗೆ ಕರೆದು ಎಲ್ಲರ ಮುಂದೆ ಉತ್ತರ ಕೇಳಿ. ಗೆದ್ದವರ ಹಿಂದೆ ಬಿದ್ದು ಸದನದಲ್ಲಿ ಪ್ರಶ್ನೆ ಕೇಳಿಸಿ.

ನಿಮ್ಮ ಯೂನಿಯನ್‌ಗೆ ಒಂದು ಅನುಕೂಲವೂ ಇದೆ. ಫ್ಯಾಕ್ಟರಿ ಮೈಸೂರಲ್ಲಿದ್ದರೂ ನಿಮ್ಮ ಸದಸ್ಯರ ಓಟುಗಳು ಶ್ರೀರಂಗಪಟ್ಟಣ, ಪಾಂಡವಪುರ, ಟಿ. ನರಸೀಪುರ, ನಂಜನಗೂಡು ಅಂತ ಹರಡಿಕೊಂಡಿರುತ್ತವೆ. ಫ್ಯಾಕ್ಟರಿ ಇರುವ ಕ್ಷೇತ್ರದ ಎಂಎಲ್‌ಎ ನಿಮ್ಮನ್ನು ಲೆಕ್ಕಕ್ಕೆ ತಗೊಳ್ಳದೇ ಇರಬಹುದು. ಆದರೆ ಒಂದೇ ಯೂನಿಯನ್ ನಾಲ್ಕೈದು ಎಂಎಲ್‌ಎಗಳನ್ನು ಅವರವರ ಊರಲ್ಲೇ ಹಿಡಿಯಬಹುದು, ಅದೂ ಊರಿನ ಮತದಾರರಾಗಿ.

ಕನಿಷ್ಠ ವೇತನದ ಕರಡು ಗೆಜೆಟ್‌ನಲ್ಲಿ ಬಂದರೆ ಆಕ್ಷೇಪಣೆಗೆ ಕಡಿಮೆ ಅಂದ್ರೂ ಎರಡು ತಿಂಗಳು ಸಮಯ ಇರುತ್ತದೆ. ಮಾಲೀಕರ ಸಂಘಗಳು ಆ ಸಮಯವನ್ನು ಸುಮ್ನೆ ಕಳೆಯುವುದಿಲ್ಲ. ನಿಮ್ಮ ಯೂನಿಯನ್ ಲೆಟರ್‌ಹೆಡ್‌ನಲ್ಲೂ ಒಂದು ಪತ್ರ ಹೋಗಲಿ. ಬಾಡಿಗೆ, ಬಸ್ ಪಾಸು, ಹಾಲು, ಅಕ್ಕಿ, ಸ್ಕೂಲ್ ಫೀಸಿನ ಲೆಕ್ಕ ಅದರಲ್ಲಿರಲಿ.

ದುಡ್ಡಿನ ಬಗ್ಗೆ ಅನುಮಾನ ಇದ್ದರೆ ಅದಕ್ಕೂ ಕಾನೂನಿನಲ್ಲಿ ಉತ್ತರ ಇದೆ. ರಾಜಕೀಯ ಕೆಲಸಕ್ಕೆ ಯೂನಿಯನ್ ಬೇರೆ ನಿಧಿ ಮಾಡಬಹುದು ಅಂತ 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲೇ ಇತ್ತು, ಮೇಲೆ ಹೇಳಿದ 2020ರ ಸಂಹಿತೆಯಲ್ಲೂ ಇದೆ. ಆ ನಿಧಿಗೆ ಕೊಡಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ. ಕೊಡಲಿಲ್ಲ ಅಂತ ಸದಸ್ಯರಿಗೆ ಸಿಗುವ ಯಾವ ಸೌಲಭ್ಯವನ್ನೂ ತಪ್ಪಿಸುವ ಹಾಗಿಲ್ಲ. ಮುಂದಿನ ಜನರಲ್ ಬಾಡಿಯಲ್ಲಿ ಈ ನಿಧಿಯ ಲೆಕ್ಕ ಬೇರೆ ಪುಸ್ತಕದಲ್ಲಿ ಇಡಬೇಕು ಅಂತ ನೀವೇ ಎದ್ದು ನಿಂತು ಠರಾವು ಮಂಡಿಸಿ.